ಬೂದು ಮಣ್ಣು ಹೇಳುವ ನೀರಿನ ಲೆಕ್ಕ: ಗುಂಡಿ ತೋಡಿ ನೋಡುವುದು ಹೇಗೆ?

ಅಕ್ಕನ ಮಗಳು ಅಮೆರಿಕದ ಅಯೋವಾದಲ್ಲಿ ಮಣ್ಣಿನ ಬಗ್ಗೆ ಓದುತ್ತಿದ್ದಾಳೆ. ಕಳೆದ ತಿಂಗಳು ಒಂದು ಫೋಟೊ ಕಳಿಸಿದ್ದಳು. ಎದೆಮಟ್ಟದ ಗುಂಡಿ. ಮೇಲೆ ಎರಡು ಗೇಣು ಕಪ್ಪು ಮಣ್ಣು, ಅದರ ಕೆಳಗೆ ಬೂದು, ಬೂದು ಬಣ್ಣದ ನಡುವೆ ಅಲ್ಲಲ್ಲಿ ತುಕ್ಕಿನ ಚುಕ್ಕಿ. ಅಮ್ಮ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಇದು ನಮ್ಮ ಕೆಳಗಿನ ಬೈಲಿನ ಮಣ್ಣಲ್ವಾ ಮಗಾ?” ಎಂದರು. ಉಡುಪಿ ಕಡೆಯ ಬ್ರಹ್ಮಾವರದ ಹತ್ತಿರದ ಆ ಬೈಲಿನಲ್ಲಿ, ಅಂದರೆ ತಗ್ಗಿನ ಗದ್ದೆಯಲ್ಲಿ, ಐವತ್ತು ವರ್ಷ ನೇಜಿ (ಭತ್ತದ ಸಸಿ) ನೆಟ್ಟವರು ಅಮ್ಮ. ಮೇಲಿನ ಕಪ್ಪು ಪದರ ಬಿಟ್ಟರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅಲ್ಲಿ ಹಿಮ, ಇಲ್ಲಿ ಮಳೆ. ಆದರೆ ನೀರು ತಿಂಗಳುಗಟ್ಟಲೆ ನಿಂತ ಮಣ್ಣು ಎರಡೂ ಕಡೆ ಒಂದೇ ಬಣ್ಣಕ್ಕೆ ತಿರುಗಿದೆ.

ಈಗ ನಮ್ಮ ಕಡೆ ಬೈಲು ಗದ್ದೆಗೆ ಅಡಿಕೆ ಇಡುವವರು, ತೆಂಗು ಇಡುವವರು, ಮಣ್ಣು ತುಂಬಿಸಿ ಮನೆ ಕಟ್ಟುವವರು ಜಾಸ್ತಿಯಾಗಿದ್ದಾರೆ. ಗಿಡಕ್ಕೆ, ಕೂಲಿಗೆ ದುಡ್ಡು ಸುರಿಯುವ ಮೊದಲು ಅರ್ಧ ದಿನ ಕೊಟ್ಟು ಒಂದು ಗುಂಡಿ ತೋಡಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದನ್ನು ಮಾಡುವುದು ಹೇಗೆ ಎನ್ನುವುದೇ ಇಲ್ಲಿರುವುದು.

ಮಂಜುಗಡ್ಡೆ ಬಿಟ್ಟುಹೋದ ನೆಲ

ಮೊದಲು ಒಂದು ಪ್ರಶ್ನೆ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಅಯೋವಾದ ನಡುಭಾಗದಲ್ಲಿ ಸುಮಾರು 900. ನಮ್ಮ ಕಾಲು ಭಾಗವೂ ಇಲ್ಲ. ಹಾಗಿದ್ದರೂ ಅಲ್ಲಿ ನೀರು ಯಾಕೆ ನಿಲ್ಲುತ್ತದೆ?

ಸುಮಾರು 14,000 ವರ್ಷಗಳ ಹಿಂದೆ ಮಂಜುಗಡ್ಡೆಯ ಒಂದು ದೊಡ್ಡ ನಾಲಿಗೆ ಅಯೋವಾದ ಈಗಿನ ಡೆ ಮಾಯ್ನ್ ನಗರದವರೆಗೂ ಚಾಚಿತ್ತು. ಅದು ದಾರಿಯಲ್ಲಿ ಸಿಕ್ಕಿದ ಬಂಡೆಗಳನ್ನು ಅರೆಯಿತು, ಮಣ್ಣನ್ನು ಕೆರೆಯಿತು. ಕರಗುವಾಗ ಹೊತ್ತು ತಂದದ್ದನ್ನೆಲ್ಲ ಅಲ್ಲೇ ಬಿಟ್ಟಿತು. ಈ ಮಣ್ಣಿಗೆ ಅಲ್ಲಿಯವರು ‘ಟಿಲ್’ ಎನ್ನುತ್ತಾರೆ. ಹೊಳೆಯ ನೀರಾದರೆ ಹೊಯಿಗೆಯನ್ನು (ಮರಳನ್ನು) ಒಂದು ಕಡೆ, ಜೇಡಿಯನ್ನು ಇನ್ನೊಂದು ಕಡೆ ಬಿಡುತ್ತದೆ. ಮಂಜುಗಡ್ಡೆಗೆ ಆ ಆಯ್ಕೆ ಇಲ್ಲ. ಜೇಡಿ, ಹೊಯಿಗೆ, ಕಲ್ಲು, ಗುಂಡು ಎಲ್ಲ ಒಟ್ಟಿಗೆ, ಮೇಸ್ತ್ರಿ ಕಲಸಿಟ್ಟ ಗಾರೆಯ ಹಾಗೆ. ಅದರ ಮೇಲೆ ಮಂಜುಗಡ್ಡೆಯ ಭಾರ ಬೇರೆ. ತಳದ ಮಣ್ಣು ಒತ್ತಿ ಒತ್ತಿ ಗಟ್ಟಿಯಾಗಿದೆ. ನೀರು ಇಳಿಯಲು ಜಾಗವೇ ಕಡಿಮೆ.

ಇನ್ನೊಂದು ಕಾರಣ, ಆ ನೆಲಕ್ಕೆ ವಯಸ್ಸು ಸಾಲದು. ಹಳ್ಳ, ತೋಡುಗಳು ಕೊರೆದು ದಾರಿ ಮಾಡಿಕೊಳ್ಳಲು ಇನ್ನೂ ಸಮಯ ಸಿಕ್ಕಿಲ್ಲ. ಹಾಗಾಗಿ ತಗ್ಗಿನಲ್ಲಿ ಬಿದ್ದ ನೀರು ತಗ್ಗಿನಲ್ಲೇ ಉಳಿಯುತ್ತದೆ. ವಸಂತದಲ್ಲಿ ಹಿಮ ಕರಗುವಾಗ ಕೆಳಗಿನ ಮಣ್ಣು ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ. ಚಳಿಗೆ ಆವಿಯಾಗುವುದೂ ಕಡಿಮೆ. ಒದ್ದೆಯಲ್ಲಿ, ಚಳಿಯಲ್ಲಿ ಹುಲ್ಲಿನ ಬೇರು ಪೂರ್ತಿ ಕೊಳೆಯುವುದಿಲ್ಲ. ಫೋಟೊದಲ್ಲಿ ಕಂಡ ಕಪ್ಪು ಪದರ ಅದೇ.

ನಮ್ಮ ಕಥೆ ಇದಕ್ಕೆ ಉಲ್ಟಾ. ನಮ್ಮದು ತುಂಬ ಹಳೆಯ ನೆಲ. ಬೆಟ್ಟಿನ ಮೇಲೆ ಬಿದ್ದ ಮಳೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ತೂತುಗಳಲ್ಲಿ ಸಲೀಸಾಗಿ ಇಳಿಯುತ್ತದೆ. ಕೆಳಗೆ ನೀರು ಇಳಿಯಗೊಡದ ಶೇಡಿ ಎಂಬ ಜೇಡಿ ಮಣ್ಣು ಸಿಕ್ಕಿದಾಗ ಅಡ್ಡ ಹರಿಯುತ್ತದೆ. ಕೊನೆಗೆ ಬೈಲಿನ ಅಂಚಿನಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಎತ್ತರದ್ದು ಬೆಟ್ಟು, ನಡುವಿನದ್ದು ಮಜಲು, ತಗ್ಗಿನದ್ದು ಬೈಲು ಎಂದು ಹಿರಿಯರು ಗದ್ದೆಗೆ ಇಟ್ಟ ಹೆಸರುಗಳೆಲ್ಲ ಈ ನೀರಿನ ಲೆಕ್ಕವೇ.

ಗುಂಡಿ ತೋಡುವುದು

ದೀಪಾವಳಿ ಕಳೆದ ಮೇಲೆ ತೋಡಿ. ಮಳೆಗಾಲದಲ್ಲಿ ಗುಂಡಿ ತುಂಬಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಮಣ್ಣು ಒಣಗಿ ಬಣ್ಣ ಮಾಸುತ್ತದೆ. ಜಾಗದ ಅತಿ ತಗ್ಗಿನಲ್ಲಿ ಒಂದು, ಸ್ವಲ್ಪ ಮೇಲೆ ಒಂದು, ಎರಡು ಗುಂಡಿ ಬೇಕು. ಹಾರೆ-ಪಿಕ್ಕಾಸು ಸಾಕು. ಆಳ ಒಂದು ಮೀಟರ್. ಬಿಸಿಲು ಬೀಳುವ ಕಡೆಯ ಗೋಡೆ ನೇರ ಇರಲಿ.

ಹಾರೆಯಿಂದ ಕೆತ್ತಿದ ಗೋಡೆಯನ್ನು ಹಾಗೆಯೇ ನೋಡಬೇಡಿ. ಹಾರೆಯ ಬಾಯಿ ಮಣ್ಣನ್ನು ಸಾರಿಸಿಬಿಟ್ಟಿರುತ್ತದೆ, ಎಲ್ಲ ಒಂದೇ ಬಣ್ಣ ಕಾಣುತ್ತದೆ. ಹಳೆಯ ಚೂರಿಯ ತುದಿಯಿಂದ ಮೇಲಿನಿಂದ ಕೆಳಗೆ ಸಣ್ಣ ಸಣ್ಣ ಹೆಂಟೆಯಾಗಿ ಕಿತ್ತು ತೆಗೆಯಿರಿ. ಆಗ ಒಳಗಿನ ನಿಜವಾದ ಬಣ್ಣ ಕಾಣುತ್ತದೆ. ಕಿತ್ತ ಹೆಂಟೆಗಳನ್ನು ಆಳದ ಕ್ರಮದಲ್ಲಿ ಒಂದು ಹಾಳೆಯ ಮೇಲೆ ಸಾಲಾಗಿ ಇಡಿ.

ಬಣ್ಣ ಓದುವುದು

ಮಣ್ಣಿಗೆ ಕೆಂಪು, ಕಂದು, ಹಳದಿ ಬರುವುದು ಮುಖ್ಯವಾಗಿ ಕಬ್ಬಿಣದಿಂದ. ಗಾಳಿ ಆಡುವಲ್ಲಿ ಕಬ್ಬಿಣ ತುಕ್ಕಾಗಿಯೇ ಇರುತ್ತದೆ. ನೀರು ನಿಂತು ಗಾಳಿ ಮುಗಿದಾಗ ಮಣ್ಣಿನ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆ ತುಕ್ಕನ್ನೇ ಬಳಸಿಕೊಳ್ಳುತ್ತವೆ. ಕಬ್ಬಿಣ ನೀರಲ್ಲಿ ಕರಗಿ ಜಾಗ ಬಿಡುತ್ತದೆ. ಉಳಿಯುವುದು ಬೂದು. ಇಂಥ ಮಣ್ಣಿಗೆ ವಿಜ್ಞಾನಿಗಳು ಇಟ್ಟಿರುವ ‘ಗ್ಲೇ’ ಎಂಬ ಹೆಸರು ರಷ್ಯಾ ಕಡೆಯ ಹಳ್ಳಿ ಜನರ ಬಾಯಿಂದ ಬಂದದ್ದು.

ಬೂದು ಬಣ್ಣದ ನಡುವೆ ಕಿತ್ತಳೆ ಚುಕ್ಕಿ ಇದ್ದರೆ ಅಲ್ಲಿ ನೀರು ಏರಿ ಇಳಿಯುತ್ತಿದೆ ಎಂದು ಅರ್ಥ. ಭತ್ತದ ಗದ್ದೆಯಲ್ಲಿ ಈ ಕಿತ್ತಳೆ ಬೇರಿನ ತೂತಿನ ಸುತ್ತ ಕೊಳವೆಯ ಹಾಗೆ ಕೂತಿರುತ್ತದೆ. ಭತ್ತದ ಬೇರು ತನ್ನೊಳಗಿನಿಂದ ಸ್ವಲ್ಪ ಗಾಳಿ ಹೊರಬಿಡುತ್ತದೆ, ಅದಕ್ಕೇ. ನೀಲಿ-ಹಸಿರು ಛಾಯೆ ಇದ್ದರೆ ಅಲ್ಲಿ ಈಗಲೂ ಗಾಳಿ ಇಲ್ಲ. ಅಂಥ ಒಂದು ಹೆಂಟೆಯನ್ನು ಮುರಿದು ಜಗಲಿಯ ಮೇಲೆ ಇಡಿ. ನಾನು ಇಟ್ಟದ್ದು ಬೆಳಿಗ್ಗೆ ನೀಲಿ ಇತ್ತು, ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಚಿನಲ್ಲಿ ಕಂದು ಹಿಡಿದಿತ್ತು. ಕೊಳೆತ ಮೊಟ್ಟೆಯ ವಾಸನೆ ಬಂದರಂತೂ ಅನುಮಾನವೇ ಬೇಡ.

ಎರಡು ಕಡೆ ಮೋಸ ಹೋಗಬಹುದು. ಶೇಡಿ ಮಣ್ಣು ಹುಟ್ಟಿನಿಂದಲೇ ಬಿಳಿ, ತಿಳಿ ಗುಲಾಬಿ. ಅದನ್ನು ನೀರು ನಿಂತ ಬೂದು ಎಂದುಕೊಳ್ಳಬೇಡಿ. ಇನ್ನೊಂದು, ಬಣ್ಣ ಹೇಳುವುದು ಹಳೆಯ ಕಥೆ. ಅಯೋವಾದ ಎಷ್ಟೋ ಹೊಲಗಳಲ್ಲಿ ಕಾಲುವೆ ಹಾಕಿ ನೀರು ಬಸಿದು ನೂರು ವರ್ಷವಾದರೂ ಬೂದು ಹಾಗೇ ಇದೆ.

ನೀರು ಮೇಲಿನದ್ದಾ, ಕೆಳಗಿನದ್ದಾ?

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಹಾಳೆಯ ಮೇಲಿನ ಹೆಂಟೆಗಳನ್ನು ಸಾಲಾಗಿ ನೋಡಿ. ಮೇಲಿನ ಒಂದು ಗೇಣು ಬೂದು, ಅದರಡಿ ಕಂದು ಇದ್ದರೆ, ನೀರು ಮೇಲೆಯೇ ಸಿಕ್ಕಿಕೊಂಡಿದೆ. ವರ್ಷ ವರ್ಷ ಕೆಸರು ಉತ್ತು ತಳ ಗಟ್ಟಿಯಾದ ಮಜಲು ಗದ್ದೆಗಳಲ್ಲಿ ಹೀಗಾಗುತ್ತದೆ. ಆ ಗಟ್ಟಿ ಪದರ ಒಡೆದರೆ ಅರ್ಧ ಕೆಲಸ ಮುಗಿಯಿತು. ಕೆಳಗೆ ಹೋದಂತೆ ಬೂದು ಹೆಚ್ಚಾದರೆ ಅದು ಅಂತರ್ಜಲ. ಎಷ್ಟು ಒಡೆದರೂ ಪ್ರಯೋಜನ ಇಲ್ಲ, ನೀರಿಗೆ ಹೊರಗೆ ಹೋಗುವ ದಾರಿ ಬೇಕು. ಟಿಲ್ ನೆಲದಲ್ಲೂ ಇವೆರಡೂ ಇವೆ. ಗಟ್ಟಿ ತಳದ ಮೇಲೆ ಸಿಕ್ಕಿಕೊಂಡ ನೀರು ಒಂದು, ತಗ್ಗಿನಲ್ಲಿ ಕೆಳಗಿನಿಂದ ಏರಿದ ನೀರು ಇನ್ನೊಂದು.

ನೀರು ಸುರಿದು ನೋಡುವುದು ಸುಲಭ. ಒಂದಡಿ ಅಗಲ, ಒಂದಡಿ ಆಳದ ಕುಳಿ. ಒಮ್ಮೆ ತುಂಬಿಸಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಕೋಲು ನೆಟ್ಟು ಅಳೆಯಿರಿ. ಗಂಟೆಗೆ ಒಂದು ಇಂಚಿಗಿಂತ ಕಡಿಮೆ ಇಳಿದರೆ ಬಸಿಯುವುದು ಸಾಲದು.

ಮಳೆಗಾಲಕ್ಕೆ ಒಂದು ಪಿವಿಸಿ ಪೈಪ್ ನೆಡಿ. ಒಂದು ಮೀಟರ್ ಉದ್ದ, ಕೆಳಗಿನ ಅರ್ಧಕ್ಕೆ ತೂತು, ಸುತ್ತ ಜಲ್ಲಿ, ಮೇಲೆ ಮುಚ್ಚಳ. ವಾರಕ್ಕೆ ಎರಡು ಸಲ ಒಣ ಕೋಲು ಇಳಿಸಿ ನೀರು ಎಲ್ಲಿದೆ ಎಂದು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಹಳೆಯ ಕಥೆ ಬಣ್ಣದಿಂದ ತಿಳಿದರೆ, ಈ ವರ್ಷದ್ದು ಪೈಪಿನಿಂದ ತಿಳಿಯುತ್ತದೆ.

ಆಮೇಲೆ ಏನು?

ಅಮೆರಿಕದವರು ಕೊಳವೆ ಹಾಕಿದರು. ಸ್ಕಾಟ್ಲೆಂಡ್‌ನಿಂದ ಹೋಗಿ ನ್ಯೂಯಾರ್ಕ್ ರಾಜ್ಯದ ಜಿನೀವಾದಲ್ಲಿ ನೆಲೆಸಿದ್ದ ಜಾನ್ ಜಾನ್‌ಸ್ಟನ್ ಎಂಬ ರೈತ 1835ರಲ್ಲಿ ಸುಟ್ಟ ಮಣ್ಣಿನ ಕೊಳವೆಯ ಮಾದರಿಯನ್ನು ತನ್ನ ಊರಿನಿಂದ ತರಿಸಿದ. ಗಿಡ್ಡ ಕೊಳವೆಗಳನ್ನು ಮೂರು-ನಾಲ್ಕು ಅಡಿ ಆಳದಲ್ಲಿ ತುದಿಗೆ ತುದಿ ಇಟ್ಟು ಮಣ್ಣು ಮುಚ್ಚುವುದು. ಸಂದಿಯಲ್ಲಿ ನೀರು ಒಳಗೆ ಬಂದು ಹರಿದುಹೋಗುತ್ತದೆ. ಈಗ ಪ್ಲಾಸ್ಟಿಕ್ ಪೈಪ್ ಬಂದರೂ ಅದನ್ನು ಅವರು ‘ಟೈಲ್’ ಎಂದೇ ಕರೆಯುತ್ತಾರೆ. ಟೈಲ್ ಎಂದರೆ ನಮಗೆ ಹಂಚು. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಸುಟ್ಟ ಜೇಡಿ ಇಲ್ಲಿ ಮಾಡಿನ ಮೇಲೆ ಕೂತು ನೀರು ತಡೆಯಿತು, ಅಲ್ಲಿ ನೆಲದಡಿ ಕೂತು ನೀರು ಹೊರಗೆ ಹಾಕಿತು. ನನಗೆ ಇದು ತುಂಬ ಇಷ್ಟವಾದ ಸಂಗತಿ.

ಆದರೆ ಅಲ್ಲಿ ನಷ್ಟವೂ ಆಗಿದೆ. ಬಾತುಕೋಳಿಗಳು ಮರಿ ಮಾಡುತ್ತಿದ್ದ ತಗ್ಗುಗಳು ಬಹುಪಾಲು ಒಣಗಿದವು. ಹೊಲದ ನೈಟ್ರೇಟ್ ಈ ಕೊಳವೆಗಳಲ್ಲಿ ಹರಿದು ಮಿಸಿಸಿಪ್ಪಿ ಸೇರಿ, ಮೆಕ್ಸಿಕೊ ಕೊಲ್ಲಿಯಲ್ಲಿ ಮೀನು ಉಸಿರಾಡಲಾಗದ ನೀರು ಮಾಡುತ್ತಿದೆ.

ಆದ್ದರಿಂದ ಎಲ್ಲ ಬೈಲನ್ನೂ ಬಸಿಯಬೇಕಾಗಿಲ್ಲ. ಬೂದು ಒಂದು ಮೊಳಕ್ಕಿಂತ ಕೆಳಗಿದ್ದು, ತೋಡಿಗೆ ಇಳಿಜಾರು ಇದ್ದರೆ ಅಡಿಕೆ ಇಡಬಹುದು. ಎರಡು ಸಾಲಿಗೊಂದು ಕಣಿ (ಬಸಿಗಾಲುವೆ) ಬೇಕು, ಕಣಿ ಬೇರಿಗಿಂತ ಆಳ ಇರಬೇಕು, ಪ್ರತಿ ವರ್ಷ ಮಳೆಗೆ ಮೊದಲು ಹೂಳು ತೆಗೆಯಬೇಕು. ಕಾಳುಮೆಣಸು, ಮಲ್ಲಿಗೆ ಇನ್ನೂ ಸೂಕ್ಷ್ಮ, ಮೇಲಿನ ಗುಂಡಿಯ ಜಾಗದಲ್ಲೇ ಇಡಿ. ಬೂದು ಒಂದು ಗೇಣಿನಲ್ಲೇ ಶುರುವಾದರೆ ಭತ್ತವನ್ನೇ ಬೆಳೆಯಿರಿ. ಗುಡ್ಡದ ಕೆಂಪು ಮಣ್ಣು ತಂದು ಸುರಿಯುವುದು ಮಾತ್ರ ಬೇಡ. ನಮ್ಮ ನೆರೆಯಲ್ಲಿ ಹಾಗೆ ಮಾಡಿದ ಒಂದು ಜಾಗದಿಂದ ನೀರು ಪಕ್ಕದ ಮನೆಯ ಅಂಗಳಕ್ಕೆ ಬರುತ್ತಿದೆ, ಮೂರು ಮಳೆಗಾಲದಿಂದ.

ಗುಂಡಿ ಮುಚ್ಚುವಾಗ ಕೆಳಗಿನ ಮಣ್ಣು ಕೆಳಗೆ, ಮೇಲಿನದ್ದು ಮೇಲೆ ಹಾಕಿ. ಅದೇ ದಿನ ಮುಚ್ಚಿ, ದನ-ಕರು ತಿರುಗುವ ಜಾಗ.

ನಮ್ಮ ಕೆಳಗಿನ ಬೈಲಿನ ಪೈಪಿನಲ್ಲಿ ಕಳೆದ ಆಟಿ ತಿಂಗಳಿಡೀ (ಜುಲೈ-ಆಗಸ್ಟ್) ನೀರು ನೆಲದಿಂದ ನಾಲ್ಕು ಬೆರಳು ಕೆಳಗಿತ್ತು. ಅಲ್ಲಿ ಈ ವರ್ಷವೂ ಭತ್ತವೇ.