ಕೊಟ್ಟೆ ಕಟ್ಟದ ತೋಟ: ಚಿತ್ರ ನೋಡುವವರ ಮಾತು ಕೇಳುತ್ತ ಕಲಿತದ್ದು

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಪ್ರೌಢಶಾಲೆಯ ಮಕ್ಕಳಿಗೆ ಚಿತ್ರಕಲೆ ಕಲಿಸುವ ನಾನು, ಬಿಡುವಿದ್ದಾಗ ಸುತ್ತಲಿನ ತೋಟ, ಕೆರೆ, ಹೆಂಚಿನ ಮನೆಗಳನ್ನು ಜಲವರ್ಣದಲ್ಲಿ ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ಗೆಳೆಯರೊಂದಿಗೆ ಸೇರಿ ಶಿವಮೊಗ್ಗದಲ್ಲಿ ಸಣ್ಣದೊಂದು ಪ್ರದರ್ಶನ ಏರ್ಪಡಿಸಿದ್ದೆ. ಮಳೆಗಾಲದ ಅಡಿಕೆ ತೋಟವನ್ನು ಬರೆದಿದ್ದ ನನ್ನ ಚಿತ್ರದ ಮುಂದೆ ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಬಹಳ ಹೊತ್ತು ನಿಂತಿದ್ದನ್ನು ಕಂಡು, ಹತ್ತಿರ ಹೋಗಿ ಲಂಬರೇಖೆಗಳ ಲಯ, ಸಂಯೋಜನೆಯ ಸಮತೋಲ, ಟೋನ್ ಎಂದೆಲ್ಲ ವಿವರಿಸತೊಡಗಿದೆ. ಅವರು ತಲೆಯಾಡಿಸಿ, "ಚೆನ್ನಾಗಿದೆ" ಎಂದಷ್ಟೇ ಹೇಳಿ ಮುಂದೆ ನಡೆದರು. ಆಮೇಲೆ ಜೊತೆಯಲ್ಲಿದ್ದವರಿಗೆ, "ಈ ಪಾಟಿ ಮಳೆ ಹೊಡೀತಾ ಇದೆ, ಕೊನೆಗೆ ಕೊಟ್ಟೆ ಕಟ್ಟಿಲ್ಲ ನೋಡಿ. ಕೊಳೆ ಬಾರದೆ ಇರ್ತದಾ?" ಎಂದದ್ದು ನನ್ನ ಕಿವಿಗೆ ಬಿತ್ತು.

ಕೊಳೆ ರೋಗದಿಂದ ಕಾಪಾಡಲು ಮಳೆಗಾಲಕ್ಕೆ ಮೊದಲು ಅಡಿಕೆ ಕೊನೆಗೆ, ಅಂದರೆ ಗೊಂಚಲಿಗೆ, ಕಟ್ಟುವ ಹೊದಿಕೆಯೇ ಕೊಟ್ಟೆ. ಚಿತ್ರದ ಮೇಲ್ಭಾಗದ ಕಡು ಹಸಿರನ್ನು ಒಡೆಯಲು ನಾನು ಇಟ್ಟಿದ್ದ ಮೂರು ನಸುಹಳದಿ ಮಚ್ಚೆಗಳು ಅವರ ಕಣ್ಣಿಗೆ ವರ್ಷದ ಫಸಲಾಗಿ ಕಂಡಿದ್ದವು. ಅವರನ್ನು ಮತ್ತೆ ಕರೆದು, "ನಾನು ಒಂದು ಹನಿಯನ್ನೂ ಬರೆದಿಲ್ಲ, ಮಳೆ ಜೋರಾಗಿದೆ ಅಂತ ನಿಮಗೆ ಎಲ್ಲಿ ಗೊತ್ತಾಯ್ತು?" ಎಂದು ಕೇಳಿದೆ. ಅವರು ಚಿತ್ರದ ಹತ್ತಿರ ಬೆರಳು ತಂದು, "ಇಲ್ಲಿನ ಮರ ಕಪ್ಪಗಿದೆ, ನಾಲ್ಕನೇ ಸಾಲಿನಿಂದ ಆಚೆ ಮರ ಅಳಿಸಿ ಹೋದಂಗಿದೆ. ಆಷಾಢದ ಮಳೇಲಿ ತೋಟ ಹೀಗೇ ಕಾಣೋದು" ಎಂದರು. ಐದು ನಿಮಿಷ ಮೊದಲು ನಾನು ಟೋನ್ (ಬಣ್ಣದ ಗಾಢ-ತೆಳುವಿನ ಏರಿಳಿತ) ಎಂದು ಹೇಳಿ ಅವರನ್ನು ಮೌನಗೊಳಿಸಿದ್ದೆನಲ್ಲ, ಅದನ್ನೇ ಅವರು ನನಗಿಂತ ಸ್ಪಷ್ಟವಾಗಿ ಹೇಳಿದ್ದರು. ದೂರದ ಮರಗಳಿಗೆ ಹೆಚ್ಚು ನೀರು ಬೆರೆಸಿದ ತೆಳು ಬಣ್ಣ ಹಾಕಿ ನಾನು ಮಾಡಿದ ಕೆಲಸದ ಫಲವನ್ನು ಅವರು ನೋಡಿದ್ದರು. ಅದರ ಹೆಸರೊಂದು ಅವರಿಗೆ ಬೇಕಾಗಿರಲಿಲ್ಲ.

ಅಂದಿನಿಂದ ನಾನು ಕ್ರಮ ಬದಲಿಸಿದೆ. ಮಕ್ಕಳಿರಲಿ ಹಿರಿಯರಿರಲಿ, ಚಿತ್ರದ ಮುಂದೆ ಮೊದಲು ಎರಡು ನಿಮಿಷ ಎಲ್ಲರೂ ಸುಮ್ಮನೆ ನೋಡುತ್ತೇವೆ. ಬಳಿಕ ಇಲ್ಲಿ ಏನು ನಡೆಯುತ್ತಿದೆ, ಯಾವುದನ್ನು ಕಂಡು ಹಾಗೆ ಹೇಳಿದಿರಿ, ಇನ್ನೇನು ಕಾಣುತ್ತದೆ ಎಂದು ಕೇಳುತ್ತೇನೆ. ಈ ಮೂರು ಪ್ರಶ್ನೆಗಳು ನನ್ನವಲ್ಲ. ಅಮೆರಿಕದ ಅಬಿಗೈಲ್ ಹೌಸನ್ ಮತ್ತು ಫಿಲಿಪ್ ಯೆನವೈನ್ ರೂಪಿಸಿದ ಪದ್ಧತಿಯಿಂದ ಬಂದವು. ನನ್ನ ಅನುಭವದಲ್ಲಿ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು, ಏಕೆಂದರೆ ಹೊಸಬರ ಮಾತು ಸಾಮಾನ್ಯವಾಗಿ ಕಥೆಯಿಂದ ಆರಂಭವಾಗುತ್ತದೆ, ಆ ಕಥೆ ಚಿತ್ರದ ಯಾವ ಜಾಗದಿಂದ ಹುಟ್ಟಿತು ಎಂದು ಹುಡುಕಲು ಹೊರಟ ಕೂಡಲೇ ಅವರ ಕಣ್ಣು ಬಣ್ಣದ ಮೇಲೆ, ಗೆರೆಯ ಮೇಲೆ, ನೆರಳಿನ ಮೇಲೆ ಬಂದು ನಿಲ್ಲುತ್ತದೆ. ಪ್ರಶ್ನೆಯು ನೋಟವನ್ನೇ ಬದಲಿಸುತ್ತದೆ ಎಂಬುದನ್ನು ರಷ್ಯದ ಆಲ್ಫ್ರೆಡ್ ಯಾರ್ಬಸ್ ಕಣ್ಣಿನ ಚಲನೆಯನ್ನು ದಾಖಲಿಸಿ ತೋರಿಸಿದ್ದರು. ಇಲ್ಯಾ ರೆಪಿನ್ ಬರೆದ ಒಂದೇ ಚಿತ್ರವನ್ನು ಮುಂದಿಟ್ಟು ಜನರ ವಯಸ್ಸು ಹೇಳಿ ಎಂದಾಗ ಕಣ್ಣು ಮುಖಗಳಿಗೆ ಹೋಗುತ್ತಿತ್ತು, ಮನೆಯ ಸ್ಥಿತಿಗತಿ ಹೇಳಿ ಎಂದಾಗ ಬಟ್ಟೆ ಮತ್ತು ಪೀಠೋಪಕರಣಗಳ ಮೇಲೆ ಓಡಾಡುತ್ತಿತ್ತು.

ಒಮ್ಮೆ ಮಕ್ಕಳನ್ನು ಮೈಸೂರಿನ ಜಗನ್ಮೋಹನ ಅರಮನೆಗೆ ಕರೆದೊಯ್ದಿದ್ದೆ. ಎಸ್. ಎಲ್. ಹಲ್ದಣ್ಕರ್ ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದ, ದೀಪ ಹಿಡಿದ ಹೆಣ್ಣಿನ ಪ್ರಸಿದ್ಧ ಜಲವರ್ಣದ ಮುಂದೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಹೊರಗೆ ಗಾಳಿ ಇದೆ ಸರ್, ದೀಪಕ್ಕೆ ಕೈ ಅಡ್ಡ ಹಿಡಿದಿದ್ದಾಳೆ" ಎಂದಳು. ಕೈಯಲ್ಲಿ ಇನ್ನೇನು ಕಾಣುತ್ತದೆ ಎಂದು ಕೇಳಿದಾಗ, "ಬೆರಳೆಲ್ಲ ಕೆಂಪಗೆ ಹೊಳೀತಿದೆ, ಕರೆಂಟ್ ಹೋದಾಗ ಟಾರ್ಚ್ ಮೇಲೆ ಕೈ ಇಟ್ಟರೆ ಹಾಗೇ ಆಗುತ್ತೆ" ಎಂದಳು. ಜಲವರ್ಣದಲ್ಲಿ ಬೆಳಕನ್ನು ಆಮೇಲೆ ಹಚ್ಚಲು ಬರುವುದಿಲ್ಲ, ಕಾಗದದ ಬಿಳುಪನ್ನು ಮೊದಲೇ ಕಾಪಾಡಿಕೊಳ್ಳಬೇಕು ಎಂದು ನಾನು ಹೇಳಿದ್ದು ಅನಂತರ. ಅದೇ ಮಾತನ್ನು ಮೊದಲೇ ಹೇಳಿದ್ದರೆ ಅವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು, ಚಿತ್ರವನ್ನು ನೋಡುತ್ತಿರಲಿಲ್ಲ.

ಹಾಗೆಂದು ನೋಡುಗರು ಹೇಳಿದ್ದೆಲ್ಲವೂ ಸರಿ ಎಂದು ನಾನು ಒಪ್ಪುವುದಿಲ್ಲ. ಚಿತ್ರದಲ್ಲಿ ಆಧಾರವಿಲ್ಲದ ಮಾತನ್ನು ಆಧಾರವಿಲ್ಲವೆಂದೇ ತಿಳಿಸುತ್ತೇನೆ.

ಪಳಗಿದ ಕಲಾವಿದರ ಮಾತಿನ ಬಗೆಯೂ ಹೊರಗಿನವರು ಊಹಿಸುವಂತಿರುವುದಿಲ್ಲ. ಭಾಷಣದಲ್ಲಿ ಎಷ್ಟೇ ಪಾರಿಭಾಷಿಕ ಪದ ಬಳಸಿದರೂ ನನ್ನ ಗೆಳೆಯರು ಚಿತ್ರದ ಮುಂದೆ ನಿಂತಾಗ ಆಡುವುದು "ಇಲ್ಲಿ ಭಾರ ಆಯ್ತು", "ಈ ಮನೆ ನೆಲದ ಮೇಲೆ ಕೂತಿಲ್ಲ", "ಹಸಿರು ಕೊಳಕಾಗಿದೆ" ಎಂಬಂಥ ಗಿಡ್ಡ ಮಾತುಗಳನ್ನು. ಉಳಿದದ್ದನ್ನು ಅವರ ಕೈ ಗಾಳಿಯಲ್ಲಿ ಬರೆದು ತೋರಿಸುತ್ತದೆ. ಅವರು ಮಾತಾಡುವುದು ಚಿತ್ರ ಹೇಗೆ ಆಯಿತು ಎಂಬುದರ ಬಗ್ಗೆ, ಹೊಸಬರು ಮಾತಾಡುವುದು ಚಿತ್ರದಲ್ಲಿ ಏನಿದೆ ಎಂಬುದರ ಬಗ್ಗೆ. ಕೊಟ್ಟೆಯಿಲ್ಲದ ಕೊನೆಯನ್ನು ಆ ಗೆಳೆಯರಲ್ಲಿ ಒಬ್ಬರೂ ಗಮನಿಸಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು.

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಈ ವಿಚಾರಕ್ಕೆ ಒಂದು ಶ್ಲೋಕವೇ ಇದೆ: ಆಚಾರ್ಯರು ರೇಖೆಯನ್ನು ಹೊಗಳುತ್ತಾರೆ, ವಿಚಕ್ಷಣರು ವರ್ತನೆಯನ್ನು, ಅಂದರೆ ನೆರಳು ಬೆಳಕು ತೋರಿಸುವ ಬಗೆಯನ್ನು, ಹೆಂಗಸರು ಆಭರಣವನ್ನು ಮೆಚ್ಚುತ್ತಾರೆ, ಉಳಿದ ಜನ ಬಣ್ಣದ ಸಮೃದ್ಧಿಯನ್ನು. ನೋಡುವವರಿಗೆ ತಕ್ಕಂತೆ ಮಾತು ಬದಲಾಗುತ್ತದೆ ಎಂಬಷ್ಟನ್ನು ನಾನು ಒಪ್ಪುತ್ತೇನೆ, ಹೆಂಗಸರ ಬಗೆಗಿನ ಮಾತನ್ನು ಒಪ್ಪಲಾರೆ. ಕಾರಣ ನಮ್ಮ ತಾಲ್ಲೂಕಿನಲ್ಲೇ ಇದೆ.

ದೀವರು ಎಂಬ ಸಮುದಾಯದವರ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳುಪಿನಿಂದ ಹಸೆ ಚಿತ್ತಾರ ಬರೆಯುವವರು ಹೆಂಗಸರು. ಅವರ ಕುಂಚ ಪುಂಡಿ ನಾರಿನದು. ಅಂಥ ಒಂದು ಮನೆಗೆ ಮಕ್ಕಳೊಂದಿಗೆ ಹೋದಾಗ ಸೊಸೆ ಬರೆದ ಹೊಸ ಚಿತ್ತಾರ ಗೋಡೆಯ ಮೇಲಿತ್ತು. ಮಕ್ಕಳು ಮದುಮಕ್ಕಳನ್ನೂ ದಂಡಿಗೆಯನ್ನೂ (ಪಲ್ಲಕ್ಕಿ) ಗುರುತಿಸಿ ಸಂತೋಷಪಟ್ಟರು. ಮನೆಯ ಹಿರಿಯಮ್ಮ ಮಾತ್ರ ಒಂದು ಮೂಲೆಯನ್ನೇ ನೋಡುತ್ತ, "ಇಲ್ಲಿ ಎಳೆ ಸಮ ಬಂದಿಲ್ಲ ಮೇಷ್ಟ್ರೆ. ಹಿಟ್ಟು ಮಂದ ಆಗಿತ್ತು, ಕೈ ನಿಂತು ನಿಂತು ಹೋಗಿದೆ" ಎಂದರು. ಬಳಿಕ ಹುಡುಗಿಯೊಬ್ಬಳ ಬೆರಳು ಹಿಡಿದು ಗೋಡೆಗೆ ತಾಗದಂತೆ ಆ ಎಳೆಯ ಗುಂಟ ಮೆಲ್ಲಗೆ ಸಾಗಿಸಿದರು. ಎಳೆ ದಪ್ಪಗಾದ ಕಡೆ ಹುಡುಗಿ ತಾನಾಗಿಯೇ, "ಇಲ್ಲಿ" ಎಂದಳು.

ಈಗ ತರಗತಿಯಲ್ಲಿ ನಾನು ಎಳೆ ಎಂದೇ ಕಲಿಸುತ್ತೇನೆ. ರೇಖೆ ಎಂಬ ಪದವನ್ನು ಪರೀಕ್ಷೆ ಹತ್ತಿರವಾದಾಗ ಹೇಳಿಕೊಡುತ್ತೇನೆ.