ತಾರಸಿ ಮನೆಯ ಝಳ: ಕೂಲರ್ ತರುವ ಮೊದಲು ಅಳತೆ ಮಾಡಿ

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್ ಬಂತೆಂದರೆ ಆರ್‌ಸಿಸಿ ಮನೆಯವರ ದೂರು ಒಂದೇ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಅಂಗಳದಲ್ಲಿ ಗಾಳಿ ತಣ್ಣಗಾಗಿದ್ದರೂ ಒಳಗೆ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ. ಕೂಲರ್‌ಗೋ ಎಸಿಗೋ ದುಡ್ಡು ಹಾಕುವ ಮೊದಲು, ಬಿಸಿ ಯಾವ ದಾರಿಯಿಂದ ಒಳಗೆ ಬರುತ್ತಿದೆ ಎಂದು ಕಂಡುಕೊಳ್ಳಿ. ಹೆಚ್ಚಿನ ಮನೆಗಳಲ್ಲಿ ಆ ದಾರಿ ತಾರಸಿಯೇ.

ಕಾರಣ ಸರಳ. ಮೇ ತಿಂಗಳ ಮೊದಲ ಹತ್ತು ದಿನಗಳಲ್ಲಿ ಈ ಊರುಗಳಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ದಕ್ಷಿಣದ ಗೋಡೆಗೆ ಆಗ ಬಿಸಿಲೇ ತಾಗುವುದಿಲ್ಲ ಎನ್ನಬಹುದು, ತಾರಸಿ ಮಾತ್ರ ದಿನವಿಡೀ ಕಾಯುತ್ತದೆ. ನಾಲ್ಕೈದು ಇಂಚಿನ ಕಾಂಕ್ರೀಟ್ ಆ ಬಿಸಿಯನ್ನು ಹೀರಿಕೊಂಡು ಕೆಳಗಿನ ಮುಖಕ್ಕೆ ತಲುಪಿಸಲು ಸುಮಾರು ಮೂರರಿಂದ ಐದು ತಾಸು ಬೇಕು. ಹಾಗಾಗಿ ಮಧ್ಯಾಹ್ನದ ಬಿಸಿಲು ನಿಮ್ಮ ಹಾಸಿಗೆಯ ಮೇಲೆ ಇಳಿಯುವುದು ಸಂಜೆಯ ಮೇಲೆ. ಹಿಂದಿನ ಮಣ್ಣಿನ ಮಾಳಿಗೆಗಳು ತಂಪಾಗಿದ್ದದ್ದು ದಪ್ಪ ಮಣ್ಣಿನಿಂದ. ಅಷ್ಟು ದಪ್ಪ ದಾಟಿ ಬರುವ ಬಿಸಿಯೂ ಕಡಿಮೆ, ಬರುವಷ್ಟರಲ್ಲಿ ಬೆಳಗಿನ ಜಾವವೂ ಆಗಿರುತ್ತಿತ್ತು.

ಅಳೆಯುವುದು ಹೇಗೆ?

ಎರಡು ಸಾಧನ ಸಾಕು. ಗೋಡೆಗೆ ನೇತುಹಾಕುವ ಸಾಮಾನ್ಯ ಥರ್ಮಾಮೀಟರ್ ಒಂದು, ಗುರಿಯಿಟ್ಟು ಒತ್ತಿದರೆ ಮೇಲ್ಮೈಯ ಬಿಸಿ ತೋರಿಸುವ ಇನ್‌ಫ್ರಾರೆಡ್ ಗನ್ ಇನ್ನೊಂದು. ಕೋವಿಡ್ ಕಾಲದ ಜ್ವರದ ಗನ್ ಮನೆಯಲ್ಲಿದ್ದರೆ ಅದರಲ್ಲಿ 'ಸರ್ಫೇಸ್' ಆಯ್ಕೆ ಇದೆಯೇ ನೋಡಿ. ಬರೀ ಮೈಬಿಸಿ ಅಳೆಯುವಂಥದ್ದು ಈ ಕೆಲಸಕ್ಕೆ ಬಾರದು. ಹೊಳೆಯುವ ತಗಡಿನ ಮೇಲೆ ಗನ್ ತಪ್ಪು ಅಂಕಿ ಕೊಡುತ್ತದೆ. ಅಲ್ಲಿ ಕಾಗದದ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಅಳೆಯಿರಿ.

ಮೋಡವಿಲ್ಲದ ದಿನ ಬೆಳಿಗ್ಗೆ 6, ಮಧ್ಯಾಹ್ನ 2, ಸಂಜೆ 6, ರಾತ್ರಿ 10ಕ್ಕೆ ಐದು ಅಂಕಿ ಬರೆದಿಡಿ: ಹೊರಗೆ ನೆರಳಿನ ಗಾಳಿ, ಕೋಣೆಯ ಗಾಳಿ, ಚಾವಣಿಯ ಒಳಮುಖ, ಪಶ್ಚಿಮದ ಗೋಡೆಯ ಒಳಮುಖ, ಕಿಟಕಿಯ ಗಾಜು. ಕೂಲರ್ ಆ ದಿನ ಬಂದ್ ಇರಲಿ.

ರಾತ್ರಿ 10ರ ಸಾಲೇ ಮುಖ್ಯ. ಚಾವಣಿ ಕೋಣೆಯ ಗಾಳಿಗಿಂತ ನಾಲ್ಕೈದು ಡಿಗ್ರಿ ಹೆಚ್ಚಿದ್ದರೆ ತಾರಸಿಗೆ ಚಿಕಿತ್ಸೆ ಬೇಕು. ಗೋಡೆ ಹೆಚ್ಚಿದ್ದರೆ ಪಶ್ಚಿಮದ ಕಡೆ ಗಮನ ಕೊಡಿ. ಎರಡೂ ಗಾಳಿಯಷ್ಟೇ ಇದ್ದು, ಹೊರಗೆ ಮಾತ್ರ ತಂಪಾಗಿದ್ದರೆ ಒಳಗಿನ ಗಾಳಿ ಹೊರಹೋಗುತ್ತಿಲ್ಲ ಎಂದರ್ಥ. ತಗಡಿನ ಚಾವಣಿಯ ಲೆಕ್ಕ ಬೇರೆ. ಅದು ಮಧ್ಯಾಹ್ನವೇ ಸುಡುತ್ತದೆ, ರಾತ್ರಿ ಬೇಗ ತಣಿಯುತ್ತದೆ, ಆದ್ದರಿಂದ ಅಲ್ಲಿ ನೋಡಬೇಕಾದ್ದು 2 ಗಂಟೆಯ ಸಾಲು.

ಮೊದಲು ಬಿಳಿ ಬಣ್ಣ

ಮಾಸಿದ ಕಾಂಕ್ರೀಟ್ ತನ್ನ ಮೇಲೆ ಬಿದ್ದ ಬಿಸಿಲಿನ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಹೊಸದಾಗಿ ಸುಣ್ಣ ಬಳಿದ ಮೇಲ್ಮೈ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಉಪಾಯ ಇನ್ನೊಂದಿಲ್ಲ. ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ನೀತಿ ತಂದಿದೆ.

ಫೆಬ್ರವರಿಯಲ್ಲೇ ಶುರು ಮಾಡಿ. ತಾರಸಿಯ ಪಾಚಿ ಕೆರೆದು ತೊಳೆಯಿರಿ, ಬಿರುಕು ಮುಚ್ಚಿ. ಸುಣ್ಣದ ಹಳ್ಳು ನೀರಿಗೆ ಬಿದ್ದಾಗ ಕೊತಕೊತ ಕುದಿಯುತ್ತದೆ. ಹಾಗಾಗಿ ಕಬ್ಬಿಣದ ಡ್ರಮ್ಮಿನಲ್ಲೇ ಅರಳಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ. ರಾತ್ರಿಯಿಡೀ ಬಿಟ್ಟು, ಸೋಸಿ, ಅಂಟು ಬೆರೆಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ. ತಾರಸಿಯನ್ನು ಒದ್ದೆ ಮಾಡಿ, ಬಿಸಿಲೇರುವ ಮೊದಲು ಎರಡು ಮೂರು ತೆಳು ಕೋಟ್ ಬಳಿಯಿರಿ. ದಪ್ಪಗೆ ಬಳಿದ ಸುಣ್ಣ ಹಪ್ಪಳದಂತೆ ಏಳುತ್ತದೆ. ಮಳೆಗೆ ಸುಣ್ಣ ಮಾಸುವುದರಿಂದ ಪ್ರತಿ ವರ್ಷ ಬಳಿಯಬೇಕು. ಅಂಗಡಿಯ ಕೂಲ್ ರೂಫ್ ಪೇಂಟ್ ಹೆಚ್ಚು ವರ್ಷ ಬಾಳುತ್ತದೆ, ಆದರೆ ಧೂಳು ಕೂತರೆ ಅದೂ ಕೆಲಸ ಮಾಡದು.

ನಂಬಿಕೆ ಬಾರದಿದ್ದರೆ ಒಂದೇ ಕೋಣೆಯ ಮೇಲೆ ಬಳಿದು, ಪಕ್ಕದ ಕೋಣೆಯ ಚಾವಣಿಯೊಂದಿಗೆ ಅದೇ ಹೊತ್ತಿನಲ್ಲಿ ಹೋಲಿಸಿ ನೋಡಿ. ಮೇಲಿರುವ ಕಪ್ಪು ಟ್ಯಾಂಕಿಗೂ ಬಿಳಿ ಬಣ್ಣ ಹಚ್ಚಿಬಿಡಿ, ನಲ್ಲಿಯಲ್ಲಿ ಕುದಿನೀರು ಬರುವುದು ತಪ್ಪುತ್ತದೆ. ತಾರಸಿಗೆ ನೀರು ಹೊಡೆಯುವುದೂ ತಂಪು ಕೊಡುತ್ತದೆ. ಆದರೆ ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರಲ್ಲಿ ಅದನ್ನು ಮಾಡಿ ಎನ್ನಲು ನನಗೆ ಮನಸ್ಸಿಲ್ಲ.

ಪಶ್ಚಿಮ ಮತ್ತು ಕಿಟಕಿ

ಕಿಟಕಿಯ ಮೇಲಿನ ಸಜ್ಜಾ ಇಳಿಬಿಸಿಲನ್ನು ತಡೆಯಲಾರದು, ಏಕೆಂದರೆ ಆ ಬಿಸಿಲು ಅಡ್ಡಕ್ಕೆ ಬರುತ್ತದೆ. ಒಳಗಿನ ಪರದೆಯೂ ಸಾಲದು, ಗಾಜು ದಾಟಿದ ಬಿಸಿ ಆಗಲೇ ಕೋಣೆಗೆ ಸೇರಿಯಾಗಿದೆ. ಬಿದಿರಿನ ತಟ್ಟಿಯನ್ನೋ ಹಸಿರು ನೆಟ್ಟನ್ನೋ ಹೊರಗೇ ಇಳಿಬಿಡಿ, ಗೋಡೆಗೂ ಅದಕ್ಕೂ ಗೇಣಷ್ಟು ಅಂತರವಿರಲಿ. ಬಾಡಿಗೆ ಮನೆಯಲ್ಲಿರುವವರಿಗೆ ಇದೇ ಒಳ್ಳೆಯ ದಾರಿ, ಹೋಗುವಾಗ ಕಟ್ಟಿಕೊಂಡು ಹೋಗಬಹುದು. ಜಾಗವಿದ್ದರೆ ಪಶ್ಚಿಮಕ್ಕೆ ಬೇವು ಅಥವಾ ನುಗ್ಗೆ ನೆಡಿ.

ಬಯಲುಸೀಮೆಯಲ್ಲಿ ಕಿಟಕಿಗಳನ್ನು ಬೆಳಿಗ್ಗೆ ಗಾಳಿ ಬಿಸಿಯಾಗುವ ಮೊದಲೇ ಮುಚ್ಚಿ, ಹೊರಗೆ ತಂಪಾದ ಮೇಲೆ ಎದುರುಬದುರು ತೆರೆಯಿರಿ. ಸೊಳ್ಳೆಜಾಲರಿಯ ಧೂಳು ಒರೆಸಿ, ಗಾಳಿಯನ್ನು ಅದೇ ತಡೆಯುತ್ತಿರುತ್ತದೆ. ಮಂಗಳೂರು, ಕಾರವಾರದವರು ಇದನ್ನು ಅನುಸರಿಸಬೇಡಿ. ಅಲ್ಲಿ ಹಗಲು ರಾತ್ರಿಯ ಬಿಸಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಬೆವರು ಆರಲು ಇಡೀ ದಿನ ಗಾಳಿಯಾಡಬೇಕು.

ದೊಡ್ಡ ಖರ್ಚು ಯಾವಾಗ?

ಇಷ್ಟು ಮಾಡಿ ಮತ್ತೆ ಅಳೆದಾಗಲೂ ರಾತ್ರಿ 10ಕ್ಕೆ ಚಾವಣಿ ಬಿಸಿಯಾಗಿಯೇ ಇದ್ದರೆ, ಉಷ್ಣನಿರೋಧಕ ಹಲಗೆಯ ಯೋಚನೆ ಮಾಡಿ. ಹೊಸ ಮನೆಗಳಿಗಾಗಿ 2018ರಲ್ಲಿ ಬಂದ 'ಇಕೋ ನಿವಾಸ್ ಸಂಹಿತೆ'ಯ ಪ್ರಕಾರ ಚಾವಣಿಯ ಯು-ಮೌಲ್ಯ, ಅಂದರೆ ಬಿಸಿ ದಾಟುವ ಪ್ರಮಾಣ, 1.2 ಮೀರಬಾರದು. ಬರೀ ಸ್ಲ್ಯಾಬಿನದು 3ಕ್ಕೂ ಹೆಚ್ಚು. ಎರಡು ಇಂಚಿನ ಎಕ್ಸ್‌ಪಿಎಸ್ (ಗಟ್ಟಿ ಫೋಮ್) ಹಲಗೆ ಹಾಸಿದರೆ ಅದು 1ಕ್ಕಿಂತ ಕೆಳಗಿಳಿಯುತ್ತದೆ. ಹಲಗೆ ಸ್ಲ್ಯಾಬಿನ ಮೇಲೆ ಕೂರಬೇಕು, ಆಗ ಕಾಂಕ್ರೀಟೇ ಕಾಯುವುದಿಲ್ಲ. ಒಳಗೆ ಥರ್ಮಾಕೋಲ್ ಅಂಟಿಸುವವರಿದ್ದಾರೆ, ಅದು ಬೆಂಕಿಗೆ ಬೇಗ ಹತ್ತುವ ವಸ್ತು. ದಯವಿಟ್ಟು ಬೇಡ. ಸೋಲಾರ್ ಹಾಕಿಸುವ ಆಲೋಚನೆ ಇದ್ದರೆ ಲೆಕ್ಕ ಬದಲಾಗುತ್ತದೆ. 3 ಕಿಲೋವಾಟ್ ಪ್ಯಾನೆಲ್‌ಗಳು ಸುಮಾರು 150ರಿಂದ 200 ಚದರಡಿ ತಾರಸಿಗೆ ನೆರಳೂ ಆಗುತ್ತವೆ, ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಹಾಯಧನವಿದೆ. ಮಲಗುವ ಕೋಣೆಯ ಮೇಲೇ ಕೂರಿಸಲು ಹೇಳಿ.

ಹಲಗೆಯ ಮೇಲೆ ಗಾರೆ, ಟೈಲ್ಸ್ ಬರುವುದರಿಂದ ಹಳೆಯ ಸ್ಲ್ಯಾಬ್ ಆ ತೂಕ ತಡೆಯುತ್ತದೆಯೇ ಎಂದು ಎಂಜಿನಿಯರ್‌ಗೆ ತೋರಿಸಿಕೊಳ್ಳಿ. ಸೋರಿಕೆ ಇದ್ದರೆ ಮೊದಲು ಅದನ್ನು ನಿಲ್ಲಿಸಿ, ಮಳೆಗಾಲಕ್ಕೆ ಮುನ್ನ ಕೆಲಸ ಮುಗಿಸಿ.