ವೈ ಕಣಿವೆಯಲ್ಲಿ ಗುಂಪು ನಡಿಗೆ: ಹೋಗುವಾಗ ನದಿ ದಂಡೆ, ಬರುವಾಗ ರೈಲು ದಾರಿ

ಇಂಗ್ಲೆಂಡಿನ ಡರ್ಬಿಷೈರಿನಲ್ಲಿ ವೈ ನದಿ ಸುಣ್ಣಕಲ್ಲನ್ನು ಕೊರೆದು ಹರಿಯುವ ಕಣಿವೆಗಳಿಗೆ ನಾನು ಹನ್ನೆರಡು ಜನರಿಗಿಂತ ಹೆಚ್ಚು ಕರೆದೊಯ್ಯುವುದಿಲ್ಲ. ಕಣಿವೆಯ ಮೇಲಿರುವ ಮಾನ್ಸಲ್ ಹೆಡ್‌ನಿಂದ ಹೊರಟು ಅಲ್ಲಿಗೇ ಮರಳಲು ಸುಮಾರು 12 ಕಿ.ಮೀ.; ನಿಂತು ನೋಡುತ್ತಾ ಹೋದರೆ ಐದು ಗಂಟೆ. ಕಾಲಲ್ಲಿ ಕಸುವಿರುವಾಗಲೇ ಜಾರುವ ದಾರಿ ಮುಗಿಯಬೇಕು, ದಣಿದ ಮೇಲೆ ಸಮತಟ್ಟಾದ ದಾರಿ, ಅಂದರೆ ಈಗ ರೈಲು ಓಡದ ಹಳೆಯ ರೈಲು ದಾರಿ, ಸಿಗಬೇಕು. ಅದಕ್ಕೇ ನದಿ ದಂಡೆ ಮೊದಲು.

ಕಡಿದಾದ ಇಳಿಜಾರು ಇಳಿದು, 1863ರಲ್ಲಿ ರೈಲು ಓಡಲು ಶುರುವಾದ ಐದು ಕಮಾನಿನ ಸೇತುವೆ ದಾಟಿ, ಕ್ರೆಸ್‌ಬ್ರೂಕ್ ಸುರಂಗಕ್ಕೆ ಮುಂಚೆ ಬಲಕ್ಕೆ ಇಳಿದರೆ ಹತ್ತಿ ಗಿರಣಿ. ಅದರಾಚೆಯ ವಾಟರ್-ಕಮ್-ಜಾಲಿ ಎಂಬ ಕಣಿವೆಯ ಭಾಗದಲ್ಲೇ ಎಡವಟ್ಟಾಗುವುದು. ಗಿರಣಿಗೆಂದು ಕಟ್ಟಿದ ಒಡ್ಡು ನೀರನ್ನು ಹಿಂದಕ್ಕೆ ತಡೆಯುವುದರಿಂದ, ಮಳೆ ಬಂದರೆ ಬಂಡೆಯ ಬುಡದ ಕಾಲುದಾರಿಯೇ ಮುಳುಗುತ್ತದೆ. ದಾರಿ ಕಾಣದಿದ್ದರೆ ಆಳ ಪರೀಕ್ಷಿಸುವ ಸಾಹಸ ಬೇಡ. ಹಿಂದಿರುಗಿ ಸುರಂಗಗಳ ಮೂಲಕ ಹೋಗಿ. ಒಣಗಿದ್ದಾಗಲೂ, ಬೂಟುಗಳು ಸವೆಸಿ ನುಣುಪಾಗಿಸಿದ ಸುಣ್ಣಕಲ್ಲಿನ ಮೇಲೆ ತೆಳು ಕೆಸರು ಕೂತಿದ್ದರೆ ಸಾಬೂನಿನಂತೆ ಜಾರುತ್ತದೆ. ಪಾದ ಪೂರ್ತಿ ಊರಿ, ಸಣ್ಣ ಹೆಜ್ಜೆ ಹಾಕಿ. ದಾರಿ ಬಲ್ಲವರೊಬ್ಬರು ಕಟ್ಟಕಡೆಗೆ ಬರಲಿ. ಪ್ರತಿ ಕವಲಿನಲ್ಲೂ ಅವರು ಬರುವ ತನಕ ಮುಂದಿನವರು ನಿಲ್ಲಬೇಕು.

ಮುಂದೆ ಲಿಟ್ಟನ್ ಗಿರಣಿ. ಈಗ ಅಲ್ಲಿ ಮನೆಗಳಿವೆ, ಗಲಾಟೆ ಬೇಡ. ಲಂಡನ್ನಿನ ಬಡವರ ಆಶ್ರಯಗೃಹದಿಂದ ದುಡಿಮೆಗೆ ಕಳಿಸಲಾಗಿದ್ದ ರಾಬರ್ಟ್ ಬ್ಲಿಂಕೋ ಎಂಬ ಹುಡುಗ ಹೊಡೆತ ತಿಂದು ಬೆಳೆದದ್ದು ಇಲ್ಲಿ. ಇಷ್ಟನ್ನಾದರೂ ಗುಂಪಿಗೆ ಹೇಳದೆ ನಾನು ಮುಂದೆ ಹೋಗುವುದಿಲ್ಲ.

ಅಲ್ಲಿಂದ ರೈಲು ದಾರಿಗೆ ಹತ್ತಿ ಮಿಲ್ಲರ್ಸ್ ಡೇಲ್ ಕಡೆ ನಡೆದರೆ ಸುಣ್ಣದ ಗೂಡುಗಳು. ಕಲ್ಲುಗಣಿಯ ಮಟ್ಟದಲ್ಲಿ ಮೇಲಿನ ಬಾಯಿ, ರೈಲಿನ ಮಟ್ಟದಲ್ಲಿ ಕೆಳಗಿನ ಕಮಾನು. ಮೇಲಿನಿಂದ ಕಲ್ಲು, ಕಲ್ಲಿದ್ದಲು ಸುರಿದು, ಸುಮಾರು 900 ಡಿಗ್ರಿಯಲ್ಲಿ ಬೆಂದ ಸುಣ್ಣವನ್ನು ಕೆಳಗಿನಿಂದ ಎಳೆದು ವ್ಯಾಗನ್‌ಗೆ ತುಂಬುತ್ತಿದ್ದರು. ಹೊರುವ ಕೆಲಸವನ್ನೆಲ್ಲ ಇಳಿಜಾರೇ ಮಾಡುತ್ತಿತ್ತು. ಕಮಾನಿನೊಳಗೆ ಬಗ್ಗಿ ಇಣುಕಿದರೆ ಇದೆಲ್ಲ ಅರ್ಥವಾಗುತ್ತದೆ. ಬೇಲಿ ಮಾತ್ರ ದಾಟಬೇಡಿ.

ಊಟ, ಶೌಚಾಲಯ ಎರಡೂ ಮಿಲ್ಲರ್ಸ್ ಡೇಲ್ ನಿಲ್ದಾಣದಲ್ಲಿ. 1968ರಲ್ಲಿ ಈ ದಾರಿಯ ರೈಲು ಓಡಾಟ ನಿಂತಿತು. 2011ರಲ್ಲಿ ಸುರಂಗಗಳು ನಡೆಯುವವರಿಗೆ ತೆರೆದವು. ಮರಳುವಾಗ ಲಿಟ್ಟನ್, ಕ್ರೆಸ್‌ಬ್ರೂಕ್ ಸುರಂಗಗಳಲ್ಲಿ ಹಗಲು ದೀಪವಿರುತ್ತದೆ, ಕತ್ತಲಾದರೆ ಇರುವುದಿಲ್ಲ. ಇಬ್ಬರಿಗೊಂದು ಟಾರ್ಚ್ ಸಾಕು. ಸೈಕಲ್‌ಗಳು ಬರುವುದರಿಂದ ಒಂದೇ ಬದಿಗೆ ಸಾಲಾಗಿ ನಡೆಯಿರಿ. ಬೇಸಿಗೆಯಲ್ಲೂ ಒಳಗೆ ಚಳಿ, ಜಾಕೆಟ್ ಚೀಲದ ಮೇಲ್ಗಡೆಯೇ ಇರಲಿ.